ಹಳೆಯ ಜೀಪಿಗೆ ಹೊಸ ಎಂಜಿನ್ನಿನ ಕಸಿ

ತಂದೆಯ ಕಾಲದ ಪೆಟ್ರೋಲ್ ಜೀಪು ಕೊಟ್ಟಿಗೆಯಲ್ಲಿ ನಿಂತಿದೆ, ಎಂಜಿನ್ ಸವೆದಿದೆ, ಅದನ್ನು ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದರೆ ಹೇಗೆ, ಜೊತೆಗೆ ಐದು ಗೇರಿನ ಪೆಟ್ಟಿಗೆಯನ್ನೂ ಹಾಕಿಸಿಬಿಡಬಹುದೇ ಎಂದು ನಮ್ಮ ಸದಸ್ಯರು ಆಗಾಗ್ಗೆ ವಿಚಾರಿಸುತ್ತಿರುತ್ತಾರೆ. ಕೇಳುವವರಲ್ಲಿ ಹೆಚ್ಚಿನವರು ನಾಲ್ಕಾರು ಎಕರೆ ಕಾಫಿ, ಎರಡು ಎಕರೆ ಅಡಿಕೆ ಇಟ್ಟುಕೊಂಡವರು. ಹೊಸ ವಾಹನ ಕೊಳ್ಳುವುದು ಅವರಿಗೆ ಒಂದು ಫಸಲಿನ ಮಾತಲ್ಲ. ಹಾಗೆಂದು ಹಳೆಯ ಜೀಪಿಗೆ ಸುರಿದ ಹಣ ಅರ್ಧ ದಾರಿಯಲ್ಲಿ ಕೈಕೊಟ್ಟರೆ ಅದೂ ಸಣ್ಣ ನಷ್ಟವಲ್ಲ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಕುರಿಗೊಬ್ಬರದ ಲೋಡು ನಿಶ್ಚಯ ಮಾಡಲು ಬಯಲುಸೀಮೆಗೆ ಇಳಿದಿದ್ದ ನಾವು ಹೊಸಪೇಟೆ, ಸಂಡೂರು, ಕಂಪ್ಲಿಗಳನ್ನು ಸುತ್ತಿ ಬಂದೆವು. ಗೊಬ್ಬರದ ಮಾತು ಬೇರೆ ಸಂಚಿಕೆಗಿರಲಿ. ಆ ಸೀಮೆಯ ಗ್ಯಾರೇಜುಗಳಲ್ಲಿ ನಾವು ಕಂಡ ಡೀಸೆಲ್ ಕೆಲಸದ ಬಗ್ಗೆ ಮಾತ್ರ ಇಲ್ಲಿ ಹೇಳುತ್ತೇವೆ. ಕಂಪ್ಲಿ ತುಂಗಭದ್ರೆಯ ಬಲದಂಡೆಯ ಊರು. ಹೊಸಪೇಟೆಯಿಂದ ಸುಮಾರು 30 ಕಿ.ಮೀ. ಸುತ್ತಲೂ ಭತ್ತ, ಕಬ್ಬು, ಬಾಳೆ. ಕಾಲುವೆ ನೀರಾವರಿಯ ನಾಡಾದ್ದರಿಂದ ಟ್ರ್ಯಾಕ್ಟರು, ಟಿಲ್ಲರು, ಪಂಪುಗಳಿಗೆ ಬಿಡುವಿಲ್ಲ. ಸಂಡೂರಿನ ಗುಡ್ಡಗಳಲ್ಲಿ ಅದಿರು ಸಾಗಿಸುವ ಲಾರಿಗಳು ಮೊದಲಿನಿಂದಲೂ ಇವೆ. ಹೀಗಾಗಿ ಡೀಸೆಲ್ ಪಂಪು, ನಾಜಲ್ಲು, ಲೈನರು ಎಂದರೆ ಅಲ್ಲಿಯ ಹುಡುಗರಿಗೆ ಕೈಪಾಠ. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಗಂಗಾವತಿ ಕಡೆಯ ಸೇತುವೆ ಮುಳುಗುವುದೂ ಕಂಪ್ಲಿಯವರಿಗೆ ಹೊಸದಲ್ಲ. ಕೆಸರು, ನೀರು ತುಂಬಿದ ಗದ್ದೆದಾರಿಯಲ್ಲಿ ಪೆಟ್ರೋಲ್ ಗಾಡಿಯ ಡಿಸ್ಟ್ರಿಬ್ಯೂಟರ್ ಒದ್ದೆಯಾದರೆ ಗಾಡಿ ಅಲ್ಲೇ ನಿಂತಿತು. ಡೀಸೆಲ್ ಎಂಜಿನ್ನಿಗೆ ಕಿಡಿಯ ಗೊಡವೆಯೇ ಇಲ್ಲ. ಆ ಕಡೆಯವರು ಡೀಸೆಲ್ಲನ್ನು ಮೆಚ್ಚಲು ಎಣ್ಣೆಯ ಬೆಲೆಯ ಜೊತೆಗೆ ಇದೂ ಒಂದು ಕಾರಣ. ನಮ್ಮ ಜೂನ್-ಜುಲೈ ಮಳೆಯ ಅನುಭವವಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಲ್ಲಿಯ ಒಬ್ಬ ಹಿರಿಯ ಮೇಸ್ತ್ರಿಯನ್ನು ನಾವು ಕೇಳಿದೆವು, ಹಳೇ ಜೀಪಿಗೆ ಯಾವ ಎಂಜಿನ್ ಒಳ್ಳೆಯದು ಎಂದು. ಅವರು ಉತ್ತರ ಕೊಡುವ ಬದಲು ತಿರುಗಿ ಕೇಳಿದರು: "ಅದಿರ್ಲಿ ಸಾವ್ಕಾರ್ರೆ, ನಿಮ್ದು ಗಾಡಿ ಎಲ್ಲಿ ಓಡ್ತೈತಿ? ಏರಿ ಎಷ್ಟೈತಿ? ಹೌಸಿಂಗ್‌ನಾಗ ಹಲ್ಲು ಎಷ್ಟದಾವು, ಅದನ್ನ ಎಣಿಸ್ಕೊಂಡ್ ಬಂದ್ರೇನು?" ಹಲ್ಲು ಎಂದರೆ ಹಿಂದಿನ ಎಕ್ಸಲಿನ ಕ್ರೌನ್-ಪಿನಿಯನ್ನಿನ ಹಲ್ಲು. ನಾವು ಎಣಿಸಿಕೊಂಡು ಹೋಗಿರಲಿಲ್ಲ. ಯಾರೂ ಎಣಿಸುವುದಿಲ್ಲ. ಎಂಜಿನ್ನಿನ ಕುದುರೆಬಲ ಕೇಳುತ್ತೇವೆ, ಗೇರಿನ ಲೆಕ್ಕ ಕೇಳುವುದಿಲ್ಲ. ಈ ಲೇಖನದ ತಿರುಳೆಲ್ಲ ಆ ಒಂದು ಪ್ರಶ್ನೆಯಲ್ಲೇ ಇದೆ ಎನ್ನಬಹುದು.

ಮೊದಲು ನಮ್ಮ ತೋಟಗಳಲ್ಲಿರುವ ಜೀಪು ಯಾವುದೆಂದು ನೋಡೋಣ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೇನೆ ಹರಾಜು ಹಾಕಿದ ವಿಲ್ಲಿಸ್ ಜೀಪುಗಳು ಮೊದಲು ಬಂದವು. 1940ರ ದಶಕದ ಕೊನೆಗೆ ಮಹೀಂದ್ರಾ ಕಂಪನಿ ಬೊಂಬಾಯಿಯಲ್ಲಿ ಅವನ್ನೇ ಜೋಡಿಸತೊಡಗಿತು. ಅಮೆರಿಕದಲ್ಲಿ 1953ರಲ್ಲಿ ಬಂದ ಸಿಜೆ-3ಬಿ ಎಂಬ ಮಾದರಿ ಆಮೇಲೆ ನಮ್ಮಲ್ಲಿ ದಶಕಗಳ ಕಾಲ ತಯಾರಾಯಿತು. ಬಾನೆಟ್ಟು ಎತ್ತರವಾಗಿ ಎದೆಯುಬ್ಬಿಸಿ ನಿಂತಂತೆ ಕಾಣುವ ಜೀಪು ಅದೇ. ಅದರೊಳಗಿನ ಹರಿಕೇನ್ ಎಂಜಿನ್ನಿನ ಒಂದು ವಾಲ್ವು ತಲೆಯ ಮೇಲೆಯೂ ಇನ್ನೊಂದು ಬ್ಲಾಕಿನಲ್ಲಿಯೂ ಇರುವುದರಿಂದ ಎಂಜಿನ್ನೇ ಎತ್ತರ. ಅದಕ್ಕೆ ತಕ್ಕಂತೆ ಬಾನೆಟ್ಟನ್ನು ಎತ್ತರಿಸಿದರು. 2199 ಸಿಸಿ, ಮೂರು ಗೇರಿನ ಟಿ-90 ಪೆಟ್ಟಿಗೆ, ಹಿಂದೆ ಸ್ಪೈಸರ್ 18 ಎಂಬ ಟ್ರಾನ್ಸ್‌ಫರ್ ಕೇಸು. ಪೆಟ್ರೋಲ್ ಕುಡಿಯುತ್ತದೆ ಎಂಬ ದೂರೊಂದನ್ನು ಬಿಟ್ಟರೆ ಒಳ್ಳೆಯ ಎಂಜಿನ್ನೇ.

1973ರಲ್ಲಿ ಎಣ್ಣೆ ಬಿಕ್ಕಟ್ಟು ಬಂದು ಪೆಟ್ರೋಲಿನ ಬೆಲೆ ಏರಿದ್ದೇ ಈ ದೂರು ದೊಡ್ಡದಾಯಿತು. ಮಹೀಂದ್ರಾದವರ ಮನೆಯಲ್ಲೇ 1963ರಿಂದ ಇಂಟರ್‌ನ್ಯಾಷನಲ್ ಬಿ-275 ಟ್ರ್ಯಾಕ್ಟರು ತಯಾರಾಗುತ್ತಿತ್ತು. ಆ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ ಜೀಪಿನ ಬಾನೆಟ್ಟಿನಡಿ ಬಂದು ಕುಳಿತಿತು. ಆಮೇಲೆ ಫ್ರಾನ್ಸಿನ ಪೂಜೋ ಕಂಪನಿಯ 2112 ಸಿಸಿಯ ಎಂಜಿನ್ ಬಂತು, ಅದರ ಜೊತೆಗೆ ನಾಲ್ಕು ಗೇರು. ಮುಂದೆ 2523 ಸಿಸಿಯ ಡಿ.ಐ. ಎಂಜಿನ್. 2010ರಲ್ಲಿ ಬಂದ ಥಾರ್‌ನಲ್ಲಿ ಕಾಮನ್ ರೈಲ್ ಎಂಜಿನ್ ಮತ್ತು ಐದು ಗೇರು. ಕಂಪನಿ ತಾನೇ ಹೆಜ್ಜೆಹೆಜ್ಜೆಯಾಗಿ ಮಾಡಿದ್ದನ್ನು ಊರೂರಿನ ಗ್ಯಾರೇಜುಗಳು ಹಳೆಯ ಚಾಸಿಗಳ ಮೇಲೆ ಮಾಡಿದವು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಈ ಬಗೆಯ ಜೀಪು ನೋಡದವರು ಯಾರು?

ಈಗ ಹಲ್ಲಿನ ಲೆಕ್ಕಕ್ಕೆ ಬರೋಣ. ಸದಸ್ಯರು ದಯವಿಟ್ಟು ಪೆನ್ಸಿಲು ಹಿಡಿದು ಓದಬೇಕು.

ಸಿಜೆ-3ಬಿ ಜೀಪಿನ ಎಕ್ಸಲಿನ ಅನುಪಾತ 5.38. ಅಂದರೆ ಜಾಯಿಂಟು 5.38 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. 16 ಇಂಚಿನ ಹಳೆಯ ಅಳತೆಯ ಟೈರು ಒಂದು ಸುತ್ತಿಗೆ ಹೆಚ್ಚುಕಡಿಮೆ ಎರಡೂಕಾಲು ಮೀಟರು ಹೋಗುತ್ತದೆ. ಟಾಪ್ ಗೇರಿನಲ್ಲಿ ಎಂಜಿನ್ನಿನ ಸುತ್ತೂ ಜಾಯಿಂಟಿನ ಸುತ್ತೂ ಒಂದೇ. ಗಂಟೆಗೆ 60 ಕಿ.ಮೀ. ಹೋಗುವಾಗ ಎಂಜಿನ್ ನಿಮಿಷಕ್ಕೆ ಸುಮಾರು 2,400 ಸುತ್ತು ತಿರುಗುತ್ತಿರುತ್ತದೆ. 80 ಕಿ.ಮೀ. ಹೋದರೆ 3,200 ಸುತ್ತು. 4,000 ಸುತ್ತಿನವರೆಗೆ ತಡೆಯುವ ಪೆಟ್ರೋಲ್ ಎಂಜಿನ್ನಿಗೆ ಇದು ಕಷ್ಟವಲ್ಲ. ಟ್ರ್ಯಾಕ್ಟರಿನ ವಂಶದ ಡೀಸೆಲ್ ಎಂಜಿನ್ನಿಗೋ, ಅದು ಉಸಿರುಗಟ್ಟಿ ಕಿರುಚುವ ಮಟ್ಟ. ಎಂಜಿನ್ ಹೊಸದು, ಆದರೂ ಹೆದ್ದಾರಿಯಲ್ಲಿ ಬಸ್ಸಿನ ಹಿಂದೆಯೇ ಹೋಗಬೇಕು, ಕಿವಿಯಲ್ಲಿ ಮನೆಗೆ ಬಂದ ಮೇಲೂ ಸದ್ದು ಎಂದು ಡೀಸೆಲ್ ಹಾಕಿಸಿದವರು ದೂರುವುದು ಇದಕ್ಕೇ. ಎಂಜಿನ್ನಿನಲ್ಲಿ ದೋಷವೇನೂ ಇಲ್ಲ.

ಇದಕ್ಕೆ ಗ್ಯಾರೇಜಿನವರು ಹೇಳುವ ಸುಲಭ ಪರಿಹಾರ ಕ್ರೌನ್-ಪಿನಿಯನ್ ಬದಲಾವಣೆ. 5.38ರ ಬದಲು 4.27 ಹಾಕಿದರೆ 80 ಕಿ.ಮೀ. ವೇಗದಲ್ಲಿ ಎಂಜಿನ್ ಸುಮಾರು 2,500 ಸುತ್ತಿಗೆ ಇಳಿಯುತ್ತದೆ. ಕಂಪ್ಲಿಯಿಂದ ಹೊಸಪೇಟೆಗೆ, ಅಲ್ಲಿಂದ ಬಳ್ಳಾರಿಗೆ ಸಮತಟ್ಟು ದಾರಿಯಲ್ಲಿ ಓಡುವ ರೈತನಿಗೆ ಇದು ಸರಿಯಾದ ಮಾತೇ. ನಮಗೆ? ಟಿ-90 ಪೆಟ್ಟಿಗೆಯ ಮೊದಲನೆಯ ಗೇರು 2.8, ಟ್ರಾನ್ಸ್‌ಫರ್ ಕೇಸಿನ ಲೋ 2.46. ಇವೆರಡನ್ನೂ 5.38ನ್ನೂ ಗುಣಿಸಿದರೆ 37. ಎಂಜಿನ್ ಸಾವಿರ ಸುತ್ತಿನಲ್ಲಿದ್ದಾಗ ಜೀಪು ಗಂಟೆಗೆ ಮೂರೂವರೆ ಕಿ.ಮೀ.ಗಿಂತ ತುಸು ಹೆಚ್ಚು ನಡೆಯುತ್ತದೆ. ಮೂಟೆ ಹೊತ್ತ ಆಳಿನ ಹೆಜ್ಜೆ. ಹಣ್ಣು ಕಾಫಿಯ ಮೂಟೆ ತುಂಬಿದ ಟ್ರೈಲರನ್ನು ಹೊಳೆಬದಿಯ ಕಂಡದಿಂದ ಪಲ್ಪರ್ ಮನೆಗೆ ಎಳೆಯುವುದು ಈ 37ರ ಬಲದಿಂದ. 4.27 ಹಾಕಿದ ದಿನ ಅದು 29ಕ್ಕೆ ಇಳಿಯಿತು. ಡೀಸೆಲ್ ಎಂಜಿನ್ನು ಕಡಿಮೆ ಸುತ್ತಿನಲ್ಲೇ ಚೆನ್ನಾಗಿ ಎಳೆಯುವುದರಿಂದ ಏರಿನಲ್ಲಿ ಹೇಗೋ ಸರಿದೂಗೀತು. ಇಳುಕಲಿನಲ್ಲಿ ಮಾತ್ರ ಎಂಜಿನ್ನಿನ ಹಿಡಿತ ಅಷ್ಟು ಸಡಿಲವಾಗುತ್ತದೆ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಮಳೆಗಾಲದಲ್ಲಿ ಒದ್ದೆ ಡ್ರಮ್ಮಿನ ಬ್ರೇಕನ್ನು ನಂಬಿ ತೋಟದ ರಸ್ತೆ ಇಳಿಯುವವರು ಈ ಮಾತನ್ನು ಎರಡು ಸಲ ಓದಬೇಕೆಂದು ಕೋರುತ್ತೇವೆ.

ಇನ್ನೊಂದು. ಹಿಂದಿನ ಎಕ್ಸಲಿನ ಹಲ್ಲು ಬದಲಿಸಿದರೆ ಮುಂದಿನ ಎಕ್ಸಲಿನದನ್ನೂ ಅದೇ ಲೆಕ್ಕಕ್ಕೆ ಬದಲಿಸಲೇಬೇಕು. ಹಿಂದೆ ಒಂದು, ಮುಂದೆ ಇನ್ನೊಂದು ಇದ್ದರೆ ಫೋರ್‌ವೀಲ್ ಹಾಕಿದ ಕೂಡಲೇ ಎರಡು ಎಕ್ಸಲುಗಳೂ ಒಂದಕ್ಕೊಂದು ಎದುರು ತಿರುಚಿಕೊಂಡು ಏನಾದರೊಂದು ಮುರಿಯುತ್ತದೆ. ಖರ್ಚು ಉಳಿಸಲು ಮುಂದಿನದನ್ನು ಹಾಗೇ ಬಿಟ್ಟು "ಫೋರ್‌ವೀಲ್ ಹಾಕಬೇಡಿ ಅಷ್ಟೇ" ಎಂದು ಹೇಳಿ ಕಳಿಸುವವರಿದ್ದಾರೆ. ಹಾಗಿದ್ದರೆ ಜೀಪು ಯಾಕೆ, ಎತ್ತಿನಗಾಡಿ ಸಾಕು.

ಹೊಸ ಐದು ಗೇರಿನ ಪೆಟ್ಟಿಗೆಯ ಉಪಯೋಗ ಇಲ್ಲಿ ತಿಳಿಯುತ್ತದೆ. ಅದರ ಐದನೆಯ ಗೇರು ಸಾಮಾನ್ಯವಾಗಿ ಒಂದಕ್ಕಿಂತ ಕಡಿಮೆ, 0.8 ಎಂದಿಟ್ಟುಕೊಳ್ಳಿ. ಎಕ್ಸಲನ್ನು ಮುಟ್ಟದೆ 5.38ರಲ್ಲೇ ಬಿಟ್ಟರೂ 80 ಕಿ.ಮೀ. ವೇಗದಲ್ಲಿ ಎಂಜಿನ್ ಸುಮಾರು 2,550 ಸುತ್ತಿನಲ್ಲಿರುತ್ತದೆ. ಮೊದಲನೆಯ ಗೇರು ಮೂರೂಮುಕ್ಕಾಲಿನ ಹತ್ತಿರ ಇದ್ದರೆ ಲೋ ಹಾಕಿದಾಗ ಒಟ್ಟು 50ರ ಸುಮಾರಿಗೆ ಬರುತ್ತದೆ. ಹೆದ್ದಾರಿಯೂ ಆಯಿತು, ತೋಟದ ಏರಿಯೂ ಆಯಿತು. ಆದಕಾರಣ ನಮ್ಮ ಅಭಿಪ್ರಾಯ ಇಷ್ಟು: ಘಟ್ಟದ ತೋಟಕ್ಕೆ ಗೇರ್‌ಬಾಕ್ಸನ್ನು ಮೊದಲು ಆರಿಸಿ, ಆಮೇಲೆ ಅದಕ್ಕೆ ಹೊಂದುವ ಎಂಜಿನ್ ಹುಡುಕಿ. ಎರಡೂ ಒಂದೇ ಗಾಡಿಯಿಂದ ಇಳಿದ ಜೋಡಿಯಾದರೆ ಬಹಳ ಉತ್ತಮ.

ಜೋಡಿಯಾಗಿಯೇ ತರಬೇಕೆಂಬುದಕ್ಕೆ ನಮ್ಮ ಕಾರು ಕಂಪನಿಗಳೇ ಸಾಕ್ಷಿ. ಹಿಂದುಸ್ತಾನ್ ಮೋಟಾರ್ಸ್‌ನವರು 1984ರಲ್ಲಿ ಕಾಂಟೆಸ್ಸಾ ಎಂಬ ದೊಡ್ಡ ಕಾರಿಗೆ ಅಂಬಾಸಡರಿನ 1489 ಸಿಸಿಯ ಹಳೆಯ ಎಂಜಿನ್ ಹಾಕಿ ಬಿಟ್ಟರು. ಅದು ಆ ಮೈಭಾರಕ್ಕೆ ಸಾಲಲಿಲ್ಲ. ಆಮೇಲೆ ಜಪಾನಿನ ಇಸುಜು ಕಂಪನಿಯ 1817 ಸಿಸಿಯ ಎಂಜಿನ್ ತಂದಾಗ ಐದು ಗೇರಿನ ಪೆಟ್ಟಿಗೆಯನ್ನೂ ಜೊತೆಗೇ ತಂದರು. 1990ರ ದಶಕದ ಆರಂಭದಲ್ಲಿ ಅದೇ ಜೋಡಿ ಅಂಬಾಸಡರಿಗೂ ಬಂತು. ಸ್ಟೀರಿಂಗ್ ಪಕ್ಕದ ಗೇರು ಕಡ್ಡಿ ನೆಲಕ್ಕಿಳಿಯಿತು. 1950ರ ದಶಕದ ಮಾರಿಸ್ ಆಕ್ಸ್‌ಫರ್ಡ್ ಮೈಕಟ್ಟಿನ ಆ ಕಾರು 2014ರವರೆಗೂ ತಯಾರಾದದ್ದು ಇಂಥ ಕಸಿಗಳ ಬಲದಿಂದಲೇ. ಪ್ರೀಮಿಯರ್‌ನವರು 1985ರಲ್ಲಿ 118 ಎನ್.ಇ. ಕಾರು ಮಾಡಿದಾಗಲೂ ಫಿಯೆಟ್ ಮೈಗೆ ನಿಸ್ಸಾನ್ ಎಂಜಿನ್ನನ್ನೂ ನಿಸ್ಸಾನ್ ಗೇರ್‌ಬಾಕ್ಸನ್ನೂ ಒಟ್ಟಿಗೆ ಸೇರಿಸಿದರು.

ಬೇರೆ ಬೇರೆ ಕಡೆಯ ಎಂಜಿನ್ನನ್ನೂ ಪೆಟ್ಟಿಗೆಯನ್ನೂ ಕೂಡಿಸುವುದಾದರೆ ನಡುವೆ ಒಂದು ತಟ್ಟೆ ಬೇಕಾಗುತ್ತದೆ. ಲೇತಿನಲ್ಲಿ ಕಡೆದ ಈ ಅಡಾಪ್ಟರ್ ತಟ್ಟೆ ಎಂಜಿನ್ನಿಗೂ ಬೆಲ್ ಹೌಸಿಂಗಿಗೂ ನಡುವೆ ಕೂರುತ್ತದೆ. ಕಸಿಯ ಗಂಟು ಇದೇ. ಕಾಫಿ ಗಿಡದ ಕಸಿಯಲ್ಲಿ ಬೇರುಗಿಡದ ತೊಗಟೆಗೆ ಕುಡಿಯ ತೊಗಟೆ ಕೂಡದಿದ್ದರೆ ಏನಾಗುವುದೋ ಇಲ್ಲಿಯೂ ಅದೇ. ಕ್ರ್ಯಾಂಕಿನ ನಡುಗೆರೆಯೂ ಗೇರ್‌ಬಾಕ್ಸ್ ಶಾಫ್ಟಿನ ನಡುಗೆರೆಯೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಸಾಲಿಗೆ ಬರಬೇಕು. ಬೋಲ್ಟು ಹಿಡಿಯಿತು ಎಂದ ಮಾತ್ರಕ್ಕೆ ಸರಿಯಾಯಿತೆಂದಲ್ಲ. ತುಸು ಓರೆಯಾಗಿದ್ದರೆ ಕ್ಲಚ್ ಅದುರುತ್ತದೆ, ಗೇರು ತಾನಾಗಿ ಕಳಚುತ್ತದೆ, ಕೆಲವೇ ತಿಂಗಳಲ್ಲಿ ಮುಂದಿನ ಬೇರಿಂಗು ಹೋಗುತ್ತದೆ. ಫ್ಲೈವೀಲಿನ ಹಿಂದೆ ಡಯಲ್ ಗೇಜ್ ಇಟ್ಟು ಸುತ್ತಿಸಿ ನೋಡುವ ಮೇಸ್ತ್ರಿಗೆ ಕೆಲಸ ಒಪ್ಪಿಸಿ. "ಗೇಜ್ ಯಾಕ್ರೀ, ಕಣ್ಣಳತೆ ಸಾಕು" ಎಂದವರಿಗೆ ನಮಸ್ಕಾರ ಹೇಳಿ ಮುಂದಿನ ಅಂಗಡಿಗೆ ನಡೆಯುವುದು ಲೇಸು.

ಐದು ಗೇರಿನ ಪೆಟ್ಟಿಗೆ ಉದ್ದವಾದದ್ದು ಎಂಬ ತೊಡಕೂ ಉಂಟು. ಸಿಜೆ-3ಬಿ ಜೀಪಿನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಇರುವುದೇ 80 ಇಂಚು. ಪೆಟ್ಟಿಗೆ ಉದ್ದವಾದಷ್ಟೂ ಟ್ರಾನ್ಸ್‌ಫರ್ ಕೇಸು ಹಿಂದೆ ಸರಿಯುತ್ತದೆ, ಮೊದಲೇ ಗಿಡ್ಡವಾದ ಹಿಂದಿನ ಜಾಯಿಂಟು ಇನ್ನೂ ಗಿಡ್ಡವಾಗಿ ಕಡಿದಾದ ಕೋನದಲ್ಲಿ ನಿಲ್ಲುತ್ತದೆ. ಆಗ ಜಾಯಿಂಟಿನ ಕ್ರಾಸುಗಳು ಬಾಳುವುದಿಲ್ಲ. ಜೊತೆಗೆ ಈ ಜೀಪಿನ ಹಿಂದಿನ ಡಿಫರೆನ್ಷಿಯಲ್ ಎಕ್ಸಲಿನ ನಡುವಿಗಿಲ್ಲ, ಬಲಕ್ಕೆ ಸರಿದಿದೆ. ಸ್ಪೈಸರ್ 18ರ ಹೊರಬಾಯಿ ಬಲಕ್ಕಿರುವುದೇ ಅದಕ್ಕೆ ಕಾರಣ. ನಡುವಿಗೆ ಬಾಯಿಯಿರುವ ಬೇರೆ ಟ್ರಾನ್ಸ್‌ಫರ್ ಕೇಸು ತಂದರೆ ಎಕ್ಸಲನ್ನೂ ಬದಲಿಸಬೇಕು. ಅಲ್ಲಿಂದ ಮುಂದೆ ಖರ್ಚಿಗೆ ಕೊನೆಯಿಲ್ಲ. ಉದ್ದ ಚಾಸಿಯ ಜೀಪು ಇದ್ದವರಿಗೆ ಮಾತ್ರ ಈ ತಾಪತ್ರಯ ಕಡಿಮೆ. ಗಿಡ್ಡ ಜೀಪಿನವರು ನಾಲ್ಕು ಗೇರಿನ ಪೆಟ್ಟಿಗೆಗೇ ತೃಪ್ತರಾಗುವುದು ಒಳ್ಳೆಯದೆಂದು ನಮಗೆ ತೋರುತ್ತದೆ.

ಉಳಿದವು ಚಿಕ್ಕ ಸಂಗತಿಗಳು, ಆದರೆ ಬಿಲ್ಲಿನಲ್ಲಿ ಚಿಕ್ಕವಾಗಿ ಇರುವುದಿಲ್ಲ. ಡೀಸೆಲ್ ಎಂಜಿನ್ ತೂಕ ಹೆಚ್ಚು, ಮುಂದಿನ ಸ್ಪ್ರಿಂಗಿಗೆ ಪ್ಲೇಟು ಸೇರಿಸಬೇಕು. ಗುಂಡಿಗೆ ಬಿದ್ದಾಗ ಎಂಜಿನ್ನಿನ ಆಯಿಲ್ ಸಂಪು ಮುಂದಿನ ಎಕ್ಸಲಿಗೆ ಬಡಿಯದಂತೆ ಜಾಗವಿದೆಯೇ ಎಂದು ಜೀಪಿಗೆ ಭಾರ ಹೇರಿ ನೋಡಬೇಕು. ರೇಡಿಯೇಟರ್ ದೊಡ್ಡದಾಗಬೇಕು. ಡೀಸೆಲ್ಲಿನ ಒತ್ತಡಕ್ಕೆ ತಕ್ಕ ಸೆಲ್ಫು, ಬ್ಯಾಟರಿ ಬೇಕು. ಬಳಸದೆ ಉಳಿದ ಎಣ್ಣೆ ಟ್ಯಾಂಕಿಗೆ ಹಿಂತಿರುಗಲು ಇನ್ನೊಂದು ಕೊಳವೆ ಬೇಕು; ಹಳೆಯ ಟ್ಯಾಂಕಿನ ತುಕ್ಕನ್ನು ತೊಳೆಯದೆ ಡೀಸೆಲ್ ತುಂಬಿದರೆ ಪಂಪು ಮೊದಲ ತಿಂಗಳಲ್ಲೇ ಕೆಡುತ್ತದೆ. ಬ್ರೇಕಿಗೆ ಬೂಸ್ಟರ್ ಇರುವ ಗಾಡಿಯಾದರೆ ಅದು ನಡೆಯುವುದು ಪೆಟ್ರೋಲ್ ಎಂಜಿನ್ನಿನ ಎಳೆತದ ಗಾಳಿಯಿಂದ. ಡೀಸೆಲ್ಲಿನಲ್ಲಿ ಅದು ಸಿಗದು, ವ್ಯಾಕ್ಯೂಮ್ ಪಂಪು ಇರುವ ಆಲ್ಟರ್ನೇಟರನ್ನೇ ಹಾಕಿಸಬೇಕು. ಸಿಜೆ-3ಬಿಯ 9 ಇಂಚಿನ ಡ್ರಮ್ಮುಗಳು ಹೆಚ್ಚಿದ ತೂಕಕ್ಕೂ ವೇಗಕ್ಕೂ ಸಾಲವು. ಎಂಜಿನ್ನಿಗೆ ಹಣವಿದ್ದು ಬ್ರೇಕಿಗೆ ಇಲ್ಲವೆಂದಾದರೆ ಎಂಜಿನ್ ಕೆಲಸವನ್ನೇ ಮುಂದಕ್ಕೆ ಹಾಕಿ.

ಥಾರ್‌ನಂಥ ಗಾಡಿಯ ಕಾಮನ್ ರೈಲ್ ಎಂಜಿನ್ನನ್ನು ಕೆಲವರು ಆಸೆಪಡುತ್ತಾರೆ. ಶಕ್ತಿ ಇದೆ, ಹೊಗೆ ಕಡಿಮೆ. ಆದರೆ ಅದರ ಜೊತೆಗೆ ಕಂಪ್ಯೂಟರ್ ಪೆಟ್ಟಿಗೆ, ಹತ್ತಾರು ಸೆನ್ಸರು, ಇಡೀ ವೈರಿಂಗು ಬರಬೇಕು. ಇಲಿ ಕಡಿದ ಒಂದು ತಂತಿಗೆ ಗಾಡಿ ನಿಂತರೆ ತೋಟಕ್ಕೆ ಬಂದು ಸರಿಮಾಡುವವರು ಯಾರು? ಕೈಪಂಪಿನಿಂದ ಗಾಳಿ ತೆಗೆದು ನಡೆಸಬಹುದಾದ ಹಳೆಯ ಬಗೆಯ ಡಿ.ಐ. ಎಂಜಿನ್ನೇ ನಮ್ಮಂಥವರಿಗೆ ಅನುಕೂಲ.

ಇಷ್ಟೆಲ್ಲ ಹೇಳಿದ ಮೇಲೆ ಬೆಲೆಯ ಮಾತು. ಅಂದು ಡೀಸೆಲ್ ಪೆಟ್ರೋಲಿಗಿಂತ ಬಹಳ ಅಗ್ಗವಿತ್ತು, ಸರ್ಕಾರ ಅದರ ಬೆಲೆ ತಡೆದು ಹಿಡಿದಿತ್ತು. ಪೆಟ್ರೋಲಿನ ಬೆಲೆಯನ್ನು 2010ರ ಜೂನಿನಲ್ಲಿ, ಡೀಸೆಲಿನದನ್ನು 2014ರ ಅಕ್ಟೋಬರಿನಲ್ಲಿ ಮಾರುಕಟ್ಟೆಗೆ ಬಿಟ್ಟುಕೊಟ್ಟ ಮೇಲೆ ಆ ಅಂತರ ಹಿಂದಿನಂತಿಲ್ಲ. ಅಪ್ಪನ ಕಾಲದಲ್ಲಿ ಎರಡು ವರ್ಷದಲ್ಲಿ ತೀರುತ್ತಿದ್ದ ಕಸಿಯ ಖರ್ಚು ಈಗಲೂ ಅಷ್ಟರಲ್ಲೇ ತೀರುತ್ತದೆ ಎಂದು ಯಾರೂ ತಿಳಿಯಬಾರದು. ವರ್ಷಕ್ಕೆ ಎಷ್ಟು ಕಿಲೋಮೀಟರು ಓಡಿಸುತ್ತೀರೆಂದು ಲೆಕ್ಕ ಹಾಕಿ. ತೋಟ, ಪೇಟೆ, ಸೊಸೈಟಿ ಇಷ್ಟೇ ಓಡಾಟವಾದರೆ ಹರಿಕೇನ್ ಎಂಜಿನ್ನನ್ನೇ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸುವುದು ಅಗ್ಗವಾದೀತು.

ಎಲ್ಲಕ್ಕಿಂತ ಮುಖ್ಯ ಆರ್.ಸಿ. ಪುಸ್ತಕ. ಅದರಲ್ಲಿ ಎಂಜಿನ್ ನಂಬರೂ ಇಂಧನವೂ ಬರೆದಿರುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ಹೇಳಿದ್ದಕ್ಕೆ ಆರ್.ಸಿ.ಯ ವಿವರ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸಕೂಡದು. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಮಿನಲ್ಲಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಪೆಟ್ರೋಲ್ ಎಂದು ಬರೆದ ಜೀಪಿನಲ್ಲಿ ಡೀಸೆಲ್ ಎಂಜಿನ್ ಇದ್ದರೆ ಅಪಘಾತದ ದಿನ ವಿಮಾ ಕಂಪನಿ ಮೊದಲು ತೆಗೆಯುವ ತಕರಾರೂ ಇದೇ. ತೋಟದ ಗೇಟಿನೊಳಗೆ ಮಾತ್ರ ಓಡಿಸುತ್ತೇವೆ ಎಂಬ ಸಮಾಧಾನವೂ ಬೇಡ. ನೋಂದಣಿ ಕುರಿತ 39ನೇ ಕಲಮು ಸಾರ್ವಜನಿಕ ಸ್ಥಳದ ಜೊತೆಗೆ ಇತರ ಸ್ಥಳಗಳನ್ನೂ ಹೇಳುತ್ತದೆ. ಆದುದರಿಂದ ಎಂಜಿನ್ನಿಗೆ ಮುಂಗಡ ಕೊಡುವ ಮುಂಚೆಯೇ ಸಾರಿಗೆ ಕಚೇರಿಗೆ ಅರ್ಜಿ ಬರೆದು ಲಿಖಿತ ಉತ್ತರ ಪಡೆಯತಕ್ಕದ್ದು. ಬಾಯಿಮಾತಿನ "ಆಗುತ್ತೆ ಬನ್ನಿ" ಲೆಕ್ಕಕ್ಕಿಲ್ಲ. ಖಾಸಗಿ ವಾಹನದ ನೋಂದಣಿ 15 ವರ್ಷ ಕಳೆದ ಮೇಲೆ ಐದೈದು ವರ್ಷಕ್ಕೆ ನವೀಕರಣಕ್ಕೆ ಬರುತ್ತದೆ, ಆಗ ಇನ್‌ಸ್ಪೆಕ್ಟರು ನಂಬರು ನೋಡಿಯೇ ನೋಡುತ್ತಾರೆ. ಈಗಾಗಲೇ ಕಸಿಯಾದ ಜೀಪನ್ನು ಕೊಳ್ಳುವವರು ಬ್ಲಾಕಿನ ಮೇಲೆ ಕೊರೆದ ನಂಬರನ್ನು ಬಟ್ಟೆಯಿಂದ ಒರೆಸಿ, ಆರ್.ಸಿ. ಪಕ್ಕದಲ್ಲಿಟ್ಟು ಓದಿಕೊಳ್ಳಿ.

ಐವತ್ತು ವರ್ಷ ದಾಟಿದ ಜೀಪು ಇದ್ದವರಿಗೆ ಇನ್ನೊಂದು ಮಾತು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಪುರಾತನ ವಾಹನಗಳಿಗೆ ಬೇರೆಯೇ ನೋಂದಣಿ ಕ್ರಮ ತಂದಿದೆ. ವಿ.ಎ. ಎಂಬ ಅಕ್ಷರದ ನಂಬರು, 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ, ಆಮೇಲೆ ನವೀಕರಣಕ್ಕೆ 5,000. ಚಾಸಿ, ಬಾಡಿ, ಎಂಜಿನ್ ಇವುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದೆಂಬುದು ಅದರ ಷರತ್ತು. ಪ್ರದರ್ಶನ, ರ‍್ಯಾಲಿಗಳಿಗೆ ಒಯ್ಯಬಹುದೇ ಹೊರತು ದಿನದ ಕೆಲಸಕ್ಕೆ ಓಡಿಸುವಂತಿಲ್ಲ. ಮೂಟೆ ಹೊರುವ ಜೀಪಿಗೆ ಇದು ಹೇಳಿದ್ದಲ್ಲ. ಆದರೆ ಎಂಜಿನ್ ಒಮ್ಮೆ ಬದಲಿಸಿದರೆ ಈ ಬಾಗಿಲು ಮುಚ್ಚುತ್ತದೆ. ಇಳಿಸಿದ ಹರಿಕೇನ್ ಎಂಜಿನ್ನನ್ನಾಗಲಿ ಟಿ-90 ಪೆಟ್ಟಿಗೆಯನ್ನಾಗಲಿ ಗುಜರಿಗೆ ಹಾಕಬೇಡಿ. ಎಣ್ಣೆ ಹಚ್ಚಿ, ಗೋಣಿ ಸುತ್ತಿ, ಒಣ ಜಾಗದಲ್ಲಿಡಿ.

ಪರವಾನಗಿ ಸಿಕ್ಕಿ, ಕೆಲಸವೂ ಮುಗಿಯಿತೆನ್ನೋಣ. ಜೀಪನ್ನು ಮೊದಲ ದಿನವೇ ಟ್ರೈಲರಿಗೆ ಕಟ್ಟಬೇಡಿ. ಮೊದಲ 100 ಕಿ.ಮೀ. ಖಾಲಿ ಓಡಿಸಿ, ಎಂಜಿನ್ ಮೌಂಟು, ಬೆಲ್ ಹೌಸಿಂಗು, ಜಾಯಿಂಟಿನ ಬೋಲ್ಟುಗಳನ್ನೆಲ್ಲ ಸ್ಪಾನರ್ ಹಿಡಿದು ಮತ್ತೆ ಬಿಗಿ ಮಾಡಿಸಿ. 500 ಕಿ.ಮೀ.ಗೆ ಎಂಜಿನ್ ಆಯಿಲ್, ಗೇರ್ ಆಯಿಲ್ ಎರಡನ್ನೂ ಇಳಿಸಿ, ಗೇರ್ ಆಯಿಲನ್ನು ಬಿಳಿ ತಟ್ಟೆಗೆ ಸುರಿದು ಬೆಳಕಿಗೆ ಹಿಡಿಯಿರಿ. ಹೊಳೆಯುವ ಸಣ್ಣ ಪುಡಿ ಇದ್ದರೆ ಚಿಂತೆಯಿಲ್ಲ. ಚೂರುಗಳು ಕಂಡರೆ ಅಡಾಪ್ಟರ್ ತಟ್ಟೆ ಓರೆಯಾಗಿದೆಯೆಂದು ಶಂಕಿಸಿ, ಗಾಡಿಯನ್ನು ಆ ಮೇಸ್ತ್ರಿಯ ಬಳಿಗೇ ವಾಪಸು ಒಯ್ಯಿರಿ. ಕೊಡಬೇಕಾದ ಹಣದಲ್ಲಿ ಕೊನೆಯ ಕಂತನ್ನು ಅಲ್ಲಿಯವರೆಗೆ ಉಳಿಸಿಕೊಂಡಿದ್ದರೆ ಮಾತು ಬೇಗ ಮುಗಿಯುತ್ತದೆ.